ಚಿಪ್ಪಿನ ಕಣ್ಣಿಗೆ ಬಿದ್ದ ಬಿಳಿ ಕಲೆ

ತೆಂಗಿನ ಚಿಪ್ಪಿಗೆ ಮೂರು ಕಣ್ಣು, ಅದರಲ್ಲಿ ಎರಡು ಗಟ್ಟಿ, ಒಂದು ಮಾತ್ರ ಮೆತ್ತಗೆ. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಮೆತ್ತನೆಯ ಕಣ್ಣಿನಿಂದ ಮೊಳಕೆ ಹೊರಗೆ ಬರುತ್ತದೆ. ನಾನು ಅದೇ ಕಣ್ಣಿನಿಂದ ಬೆಳಕನ್ನು ಒಳಗೆ ಬಿಟ್ಟೆ. ಮಾಡಿದ್ದು ತಪ್ಪೋ ಒಳ್ಳೆಯದೋ, ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊದಲು ಕ್ಯಾಮೆರಾ ರಿಪೇರಿ ಮಾಡುತ್ತಿದ್ದೆ. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಕ್ಯಾಮೆರಾ ಹಿಡಿದು ಬರುವವರು ನಿಂತರು. ಮಿಕ್ಸಿ, ಫ್ಯಾನು, ಪಂಪಿನ ಸ್ಟಾರ್ಟರು ಬಂದವು. ಅವು ಹೊಟ್ಟೆಗೆ. ಕೈಯ ತುರಿಕೆಗೆ ಬೇರೆ ಕೆಲಸ ಬೇಕಾಗಿತ್ತು. ಚಿಪ್ಪಿನೊಳಗೆ ಟಾರ್ಚು ಕೂರಿಸಿದೆ. ಚಿಪ್ಪಿನ ಮೇಲೆ ಚಿಪ್ಪು ಬಡಿದು ಎಬ್ಬಿಸುವ ಅಲಾರಂ ಮಾಡಿದೆ. ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿತೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ, ಅದಕ್ಕೆ ಡಾಕ್ಟರ ಸ್ಟೆತಾಸ್ಕೋಪು ಸೇರಿಸಿ ಒಂದು ಯಂತ್ರ ಮಾಡಿದೆ. ಅದರಲ್ಲಿ ಕೊಬ್ಬರಿಗಿಂತ ಜೋರಾಗಿ ಅಲ್ಲಾಡಿಸುವವನ ಎದೆಬಡಿತವೇ ಕೇಳಿಸುತ್ತಿತ್ತು. ಅಂಗಡಿಗೆ ದಿನಾ ಬಂದು ಕೂರುವ ಕೊಬ್ಬರಿ ವ್ಯಾಪಾರಿಯೊಬ್ಬರು ಒಮ್ಮೆ ಕಿವಿಗೆ ಹಾಕಿಕೊಂಡು, ಬೆವರಿ, ಅದನ್ನು ಟೇಬಲ್ ಮೇಲಿಟ್ಟು ಎದ್ದು ಹೋದರು.

"ಇರಲಾರ್ದೆ ಇರುವೆ ಬಿಟ್ಕೊಂಡ್ರಂತೆ. ಹಂಗೆ ನಿಮ್ಮದು," ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತು ಸುಳ್ಳಲ್ಲ.

ಚಿಪ್ಪಿನ ಕ್ಯಾಮೆರಾ ಮಾಡುವುದು ಹೀಗೆ. ಚಿಪ್ಪನ್ನು ಎರಡು ಹೋಳು ಮಾಡಿ ಒಳಗೆ ಕಪ್ಪು ಬಣ್ಣ ಬಳಿಯಬೇಕು. ಮೆತ್ತನೆಯ ಕಣ್ಣನ್ನು ಕೊರೆದು, ತಗಡಿನ ಚೂರಿಗೆ ಸೂಜಿಯಿಂದ ತೂತು ಮಾಡಿ ಅಲ್ಲಿ ಅಂಟಿಸಬೇಕು. ಹಳೆಯ ಸ್ಟುಡಿಯೋ ಕಾಲದ ಫೋಟೋ ಪೇಪರನ್ನು ಕತ್ತಲಲ್ಲಿ ಒಳಗಿಟ್ಟು, ಹೋಳುಗಳನ್ನು ಸೇರಿಸಿ ಟೇಪು ಸುತ್ತಬೇಕು. ಆಮೇಲೆ ಎಲ್ಲಾದರೂ ಕಟ್ಟಿ ಮರೆತುಬಿಡಬೇಕು. ಒಂದು ಗಳಿಗೆಯಲ್ಲ, ಒಂದು ದಿನವೂ ಅಲ್ಲ, ಆರು ತಿಂಗಳು. ಸೂಜಿಯ ತೂತಿನಿಂದ ಬರುವ ಬೆಳಕಿಗೆ ಆ ಪೇಪರು ತಾನೇ ಸುಟ್ಟುಕೊಂಡು ಚಿತ್ರ ಬರೆದುಕೊಳ್ಳುತ್ತದೆ. ಸೂರ್ಯ ದಿನಾ ಹೋದ ದಾರಿ ಬಿಳಿ ಗೆರೆಗಳಾಗಿ ಮೂಡುತ್ತದೆ, ಮೋಡ ಕವಿದ ದಿನದ ಗೆರೆ ಇರುವುದಿಲ್ಲ.

ನಮ್ಮೂರು ತಿಪಟೂರಿನಿಂದ ನೊಣವಿನಕೆರೆ ಕಡೆಗೆ. ಮನೆಯ ಹಿಂದೆಯೇ ತೋಟ, ನೂರ ಇಪ್ಪತ್ತು ಮರ. ಒಂದು ಯುಗಾದಿಯ ದಿನ ಅಂಗಡಿಗೆ ರಜ. ಪಂಪ್‌ಹೌಸಿನ ಗೋಡೆಯ ಮೊಳೆಗೆ ಚಿಪ್ಪನ್ನು ನಾರಿನ ಹಗ್ಗದಲ್ಲಿ ಬಿಗಿದು, ಅದರ ಕಣ್ಣನ್ನು ತೋಟದ ಕೊನೆಯ ಸಾಲುಗಳ ಕಡೆ ತಿರುಗಿಸಿದೆ. ಗೌರಿ ಹಬ್ಬದ ದಿನ ಬಿಚ್ಚಿದೆ.

ಪೇಪರನ್ನು ಸ್ಕ್ಯಾನ್ ಮಾಡಿ, ಸುಟ್ಟ ಕಪ್ಪನ್ನು ಬಿಳಿಗೆ ತಿರುಗಿಸಿ, ಅಂಗಡಿಯ ಕಂಪ್ಯೂಟರಿನಲ್ಲಿ ಆ ಚಿತ್ರ ಮೊದಲ ಸಲ ಕಂಡಾಗ ನನಗೆ ಖುಷಿಗಿಂತ ಹೆಚ್ಚಾಗಿ ಒಂದು ಥರದ ಇರುಸುಮುರುಸು. ಚಿಪ್ಪಿನ ದುಂಡಿಗೆ ಮರಗಳೆಲ್ಲ ಬಾಗಿ ಒಂದನ್ನೊಂದು ನೋಡುತ್ತಿದ್ದವು. ಮೇಲೆ ಸೂರ್ಯನ ಗೆರೆಗಳು ಬಾಚಣಿಗೆಯಲ್ಲಿ ಎಳೆದ ಹಾಗೆ. ಕೆಳಗೆ, ಕೊನೆಯಿಂದ ಎರಡನೇ ಸಾಲಿನ ಒಂದು ಮರದ ಬುಡದಲ್ಲಿ, ಬೆಳ್ಳಗೆ ಒಂದು ಕಲೆ. ಪೇಪರಿಗೆ ತೇವ ಹತ್ತಿರಬೇಕು ಅಂದುಕೊಂಡೆ.

ಕೊಬ್ಬರಿ ವ್ಯಾಪಾರಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಯಾರ್ರೀ ಅದು, ಮರದ ಬುಡದಲ್ಲಿ ಕುಂತಿರೋದು?"

"ಯಾರೂ ಇಲ್ಲ ಕಣ್ರೀ, ಬೂಷ್ಟು."

"ಬೂಷ್ಟಿಗೆ ತಲೆ ಇರ್ತದಾ?" ಎಂದು ಅವರು ಚಹಾ ಕುಡಿದು ಹೋದರು. ಒಮ್ಮೆ ತಲೆ ಎಂದು ಹೇಳಿದ ಮೇಲೆ ನನಗೂ ಅದು ತಲೆಯಾಗಿಯೇ ಕಾಣತೊಡಗಿತು. ತಲೆ, ಅದರ ಕೆಳಗೆ ಬಾಗಿದ ಬೆನ್ನು, ಚಕ್ಕಂಬಕ್ಕಲ ಹಾಕಿದ ಕಾಲು.

ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ನನಗಾದ ಹೆದರಿಕೆ ನಿಮಗೆ ತಿಳಿಯುವುದಿಲ್ಲ. ಈ ಬಗೆಯ ಕ್ಯಾಮೆರಾಕ್ಕೆ ಓಡಾಡುವವರು ಕಾಣುವುದೇ ಇಲ್ಲ. ಆ ಆರು ತಿಂಗಳಲ್ಲಿ ಅದರ ಮುಂದೆ ನಾನು ನೂರು ಸಲ ಹಾದುಹೋಗಿದ್ದೇನೆ. ಕಾಯಿ ಕೆಡವುವವರು ಬಂದಿದ್ದಾರೆ, ಹಸು ಮೇದಿದೆ, ಟ್ರ್ಯಾಕ್ಟರು ಉತ್ತಿದೆ. ಒಬ್ಬರೂ ಚಿತ್ರದಲ್ಲಿಲ್ಲ. ಒಂದು ದಿನ ಬಂದು ಗಂಟೆಗಟ್ಟಲೆ ಕೂತರೂ ಕಾಣುವುದಿಲ್ಲ. ಕಾಣಬೇಕಾದರೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ, ದಿನಾ ಬಂದು ಕೂರಬೇಕು. ತಿಂಗಳುಗಟ್ಟಲೆ. ಬದುಕಿರುವ ನಾವೆಲ್ಲ ಆ ಚಿತ್ರದಲ್ಲಿ ಇರಲಿಲ್ಲ, ಅದೊಂದು ಮಾತ್ರ ಇತ್ತು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆಂಡತಿ ನಗುತ್ತಾಳೆ, ಅವ್ವ ಹೆದರುತ್ತಾಳೆ ಅಂದುಕೊಂಡೆ. ಇನ್ನೊಂದು ಚಿಪ್ಪಿಗೆ ಹೊಸ ಪೇಪರು ಹಾಕಿ, ಅದೇ ಮೊಳೆಗೆ, ಅದೇ ದಿಕ್ಕಿಗೆ ಕಟ್ಟಿದೆ. ಮುಂದಿನ ಯುಗಾದಿಗೆ ಬಿಚ್ಚಿದೆ. ಕಲೆ ಇತ್ತು. ಆದರೆ ಮೊದಲಿನ ಮರದ ಬುಡದಲ್ಲಿರಲಿಲ್ಲ, ಪಕ್ಕದ ಮರಕ್ಕೆ ಜರುಗಿತ್ತು. ಎರಡೂ ಚಿತ್ರವನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಮರಗಳು ಕೂದಲೆಳೆಯಷ್ಟೂ ಅಲುಗಾಡಿಲ್ಲ, ಕ್ಯಾಮೆರಾ ಸರಿದಿಲ್ಲ. ಮೂರನೆಯ ಚಿಪ್ಪನ್ನು ಗೌರಿ ಹಬ್ಬಕ್ಕೆ ಬಿಚ್ಚಿದೆ. ಕಲೆ ಇನ್ನೊಂದು ಮರ ಮುಂದಕ್ಕೆ ಹೋಗಿತ್ತು.

ಒಂದು ಬೆಳಿಗ್ಗೆ ಅಲ್ಲಿಗೇ ಹೋಗಿ ನೋಡಿದೆ. ತೋಟದ ತುಂಬಾ ಸೋಗೆ, ಉದುರಿದ ಎಳೆಗಾಯಿ, ಕಳೆ. ಒಂದು ಮರದ ಸುತ್ತ ಮಾತ್ರ ನೆಲ ಗುಡಿಸಿದ ಹಾಗಿತ್ತು. ಒಂದು ಕಡ್ಡಿ ಕೂಡ ಬಿದ್ದಿರಲಿಲ್ಲ. ಅರಿಶಿನವಿಲ್ಲ, ಕುಂಕುಮವಿಲ್ಲ, ನಿಂಬೆಹಣ್ಣಿಲ್ಲ. ಮಾಟವಾಗಿದ್ದರೆ ಇವೆಲ್ಲ ಇರಬೇಕಿತ್ತು, ನನಗೂ ಸಮಾಧಾನವಾಗುತ್ತಿತ್ತು. ಎಲ್ಲೋ ಹಿಂದೆ ಒಣಗಿದ ಗರಿಯೊಂದು ದಪ್ಪೆಂದು ಬಿತ್ತು. ನಾನು ತಿರುಗಿ ನೋಡದೆ ಮನೆಗೆ ಬಂದೆ.

ಇಷ್ಟರಲ್ಲಿ ತೋಟದ ಕೊನೆಯಲ್ಲಿ ಕೃಷಿ ಹೊಂಡ ತೆಗೆಸುವುದೆಂದು ನಾನು ಹೆಂಡತಿ ಮಾತಾಡಿ ಮುಗಿಸಿದ್ದೆವು. ಕೊನೆಯ ಸಾಲಿನ ನಾಲ್ಕು ಮರಕ್ಕೆ ಕಾಂಡ ಸೋರುವ ರೋಗ, ಕೆಂಪಗೆ ರಸ ಇಳಿಯುತ್ತಿತ್ತು, ಕಾಯಿಯೂ ಅಷ್ಟಕ್ಕಷ್ಟೆ. ಆ ನಾಲ್ಕನ್ನು ತೆಗೆದು ಅಲ್ಲೇ ಹೊಂಡ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದಾಗಿತ್ತು, ಸೋಮವಾರಕ್ಕೆ ಜೆಸಿಬಿ ಹೇಳಿಯಾಗಿತ್ತು. ಗೆರೆ ಸರಿಯಾಗಿದೆಯೇ ಎಂದು ಮೇಲಿನಿಂದ ಒಂದು ಫೋಟೋ ತೆಗೆಯೋಣವೆಂದು ಗುರುವಾರ ನನ್ನ ಡ್ರೋನು ಹೊರಗೆ ತೆಗೆದೆ.

ಡ್ರೋನು ಎಂದರೆ ನೀವು ಮದುವೆ ಮನೆಯಲ್ಲಿ ನೋಡಿದಂಥದ್ದಲ್ಲ. ಕೆಟ್ಟುಹೋದ ಎರಡು ಡ್ರೋನಿನ ಮೋಟರು, ಒಣಗಿದ ತೆಂಗಿನ ಗರಿಯ ದಿಂಡನ್ನು ಸೀಳಿ ಮಾಡಿದ ನಾಲ್ಕು ತೋಳು, ಬ್ಯಾಟರಿ ಮಳೆಗೆ ನೆನೆಯದಿರಲೆಂದು ಮೇಲೆ ಅರ್ಧ ಚಿಪ್ಪು. ಹಾರುವಾಗ ಕಡಜದ ಗೂಡಿಗೆ ಕಲ್ಲು ಹೊಡೆದಂಥ ಸದ್ದು. ಒಮ್ಮೆ ಹದ್ದೊಂದು ಬಂದು ಅದನ್ನು ಕುಕ್ಕಿ, ರುಚಿಸದೆ ಹೋಗಿತ್ತು. ನೆರಳು ಅಡ್ಡ ಬಾರದಿರಲೆಂದು ನೆತ್ತಿಯ ಮೇಲೆ ಸೂರ್ಯ ಬರುವವರೆಗೆ ಕಾದೆ. ಮನೆಯ ಮಾಳಿಗೆಯ ಮೇಲೆ ನಿಂತು ಹಾರಿಸಿದೆ. ಮಟಮಟ ಮಧ್ಯಾಹ್ನ ತೋಟಕ್ಕೆ ಹೋಗಬಾರದು, ಗಾಳಿ ಸೋಕುತ್ತದೆ ಎಂದು ಅವ್ವ ನಾನು ಹುಡುಗನಾಗಿದ್ದಾಗಿನಿಂದ ಹೇಳಿದ್ದಾಳೆ. ಐವತ್ತು ದಾಟಿದರೂ ಆ ಹೊತ್ತಿನಲ್ಲಿ ನಾನು ತೋಟಕ್ಕೆ ಕಾಲಿಟ್ಟವನಲ್ಲ.

ಮೊಬೈಲಿನ ಪರದೆಯ ಮೇಲೆ ತೋಟ ನಿಧಾನವಾಗಿ ತೆರೆದುಕೊಂಡಿತು. ಸುಣ್ಣದ ಗೆರೆ ಕಂಡಿತು. ಅದರ ಈಚೆ, ಸಾಲಿನ ಉದ್ದಕ್ಕೂ, ಗರಿಗಳ ಸಂದಿಯಲ್ಲಿ, ನೆಲದ ಮೇಲೆ ದುಂಡನೆಯ ಗುರುತುಗಳು. ಒಂದು ಮರದ ಬುಡದಲ್ಲಿ ಅಚ್ಚುಕಟ್ಟಾಗಿ ಗುಡಿಸಿದ ನೆಲ. ಅದರ ಹಿಂದಿನ ಮರಕ್ಕೆ ಅದಕ್ಕಿಂತ ಮಸುಕು, ಕಳೆ ಚಿಗುರುತ್ತಿದೆ. ಅದರ ಹಿಂದಿನದು ಇನ್ನೂ ಮಸುಕು. ಯಾರೋ ಮರದಿಂದ ಮರಕ್ಕೆ, ಸರದಿ ತಪ್ಪದೆ, ಸುಣ್ಣದ ಗೆರೆಯ ಕಡೆಗೆ ಬರುತ್ತಿದ್ದಾರೆ. ಬಿಸಿಲಲ್ಲಿ ನಿಂತಿದ್ದರೂ ನನಗೆ ಮೈ ಜುಮ್ಮೆಂದಿತು. ಡ್ರೋನನ್ನು ಕೆಳಗಿಳಿಸಿ, ಎರಡು ಮರದ ನಡುವೆ ತೂರಿಸಿ ನಿಲ್ಲಿಸಿದೆ.

ಗುಡಿಸಿದ ನೆಲದ ಮೇಲೆ ಒಬ್ಬಳು ಕೂತಿದ್ದಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ಪಕ್ಕದಲ್ಲಿ ಗರಿಯ ಕಂತೆ, ಕುಡುಗೋಲು. ಡ್ರೋನು ಅಷ್ಟು ಸದ್ದು ಮಾಡುತ್ತಿದ್ದರೂ ಅವಳು ತಲೆ ಎತ್ತಲಿಲ್ಲ. ಬಲಗೈಯನ್ನು ನೆಲದ ಮೇಲಿಟ್ಟು ತಟ್ಟುತ್ತಿದ್ದಳು. ತಟ್ಟುವುದು, ಸ್ವಲ್ಪ ನಿಲ್ಲಿಸುವುದು, ಮತ್ತೆ ತಟ್ಟುವುದು. ಮಗುವನ್ನು ಮಲಗಿಸುವವರು ಹಾಗೆ ತಟ್ಟುತ್ತಾರೆ.

ಅವಳು ನನ್ನ ಅವ್ವ.

ಊಟವಾದ ಮೇಲೆ ಅವ್ವ ಹಿತ್ತಿಲ ಬಾಗಿಲಿನಿಂದ ಪೊರಕೆ ಕಟ್ಟಲು ಹೋಗುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಲ್ಲಿ ಕೂತು ಕಟ್ಟುತ್ತೀಯೆ ಎಂದು ಯಾರೂ ಕೇಳಿರಲಿಲ್ಲ. ನಾನಂತೂ ಹಗಲು ಹೊತ್ತು ಅಂಗಡಿಯಲ್ಲೇ. ಆರು ತಿಂಗಳು ಕಣ್ಣು ಮುಚ್ಚದ ಕ್ಯಾಮೆರಾ ಕಂಡುಹಿಡಿದವನಿಗೆ ಹೆತ್ತ ತಾಯಿ ಮಧ್ಯಾಹ್ನ ಎಲ್ಲಿರುತ್ತಾಳೆ ಎನ್ನುವುದು ತಿಳಿದಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಡ್ರೋನನ್ನು ಇಳಿಸಿ ತೋಟಕ್ಕೆ ನಡೆದೆ. ಅವ್ವ ನನ್ನನ್ನು ನೋಡಿ ಬೆಚ್ಚಲಿಲ್ಲ. ಕೈ ಮಾತ್ರ ನೆಲದಿಂದ ಎತ್ತಿಕೊಂಡಳು.

"ಈ ಹೊತ್ನಾಗೆ ಯಾಕಪ್ಪ ಬಂದೆ? ಗಾಳಿ ಸೋಕ್ತದೆ ಅಂತ ಹೇಳಿಲ್ವಾ?"

"ನಿಂಗೆ ಸೋಕಲ್ವೇನವ್ವ?"

ಅವಳು ಒಂದು ಗರಿಯ ಕಡ್ಡಿ ಸೀಳಿದಳು. ನಾನು ಎದುರಿಗೆ ಕೂತೆ. ಇನ್ನೊಂದು ಕಡ್ಡಿ ಸೀಳುತ್ತಾ ಹೇಳತೊಡಗಿದಳು. ಅಳಲಿಲ್ಲ. ಹಾಲು ಎಷ್ಟು ಹಾಕಿಸಿಕೊಂಡೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ನನಗಿಂತ ಮೊದಲು ಒಂದು ಹೆಣ್ಣು ಹುಟ್ಟಿ ಹೋಗಿತ್ತು ಎನ್ನುವುದು ನನಗೆ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಹಾಗೆ ಒಂದೋ ಎರಡೋ ಹೋಗಿರುತ್ತವೆ, ಯಾರೂ ಅದರ ಮಾತೆತ್ತುವುದಿಲ್ಲ. ಹಲ್ಲು ಬರುವ ಮೊದಲೇ ತೀರಿಕೊಂಡ ಮಗುವಿಗೆ ನಮ್ಮ ಮನೆಯವರು ಗದ್ದುಗೆ ಕಟ್ಟುತ್ತಿರಲಿಲ್ಲ; ತೋಟದಲ್ಲಿ ಒಂದು ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡುತ್ತಿದ್ದರು. ಗಂಡಸರಷ್ಟೇ ಹೋಗಬೇಕು. ಯಾವ ಮರ ಎಂದು ತಾಯಿಗೆ ಹೇಳಬಾರದು. ತಾಯಿಗೆ ತಿಳಿದರೆ ಮುಂದೆ ಹುಟ್ಟುವ ಮಗು ನಿಲ್ಲುವುದಿಲ್ಲವಂತೆ.

"ನಿಮ್ಮಪ್ಪನ್ನ ಒಂದ್ ದಪ ಕೇಳ್ದೆ. ಹೇಳ್ಲಿಲ್ಲ. ಆಮ್ಯಾಕೆ ನೀನು ಹೊಟ್ಟೇಲಿದ್ದೆ, ಕೇಳಕ್ಕೆ ಭಯ ಆಯ್ತು. ನೀನೂ ಹೋಗ್ಬುಟ್ರೆ?"

"ಅದ್ಕೆ?"

"ಅದ್ಕೆ ಯಾರ್ನೂ ಕೇಳ್ದೆ ಕುಂತ್ಕಂಡೆ. ಮೊದಲ್ನೇ ಸಾಲಿನ ಮೊದಲ್ನೇ ಮರದಿಂದ. ಯುಗಾದಿಯಿಂದ ಗೌರಿ ಹಬ್ಬದ ಗಂಟ ಒಂದು, ಗೌರಿ ಹಬ್ಬದಿಂದ ಯುಗಾದಿ ಗಂಟ ಇನ್ನೊಂದು. ಬಿದ್ದೋದ ಮರದ ಜಾಗನೂ ಬುಡಲಿಲ್ಲ. ಎಲ್ಲೋ ಒಂದ್ ಕಡೆ ಸರಿಯಾಗಿ ಅದ್ರ ಪಕ್ಕ ಕುಂತೇ ಕುಂತಿರ್ತೀನಲ್ಲ ಕಣಪ್ಪ. ನಂಗೆ ಗೊತ್ತಿಲ್ದೇ ಇದ್ರೂ ಅದಕ್ಕೆ ಗೊತ್ತಾಗಿರ್ತದೆ."

ಐವತ್ತಾರು ವರ್ಷ. ನೂರ ಹನ್ನೆರಡನೆಯ ಮರದ ಕೆಳಗೆ ನಾವಿಬ್ಬರೂ ಕೂತಿದ್ದೆವು. ಮಧ್ಯಾಹ್ನ ಯಾರೂ ತೋಟಕ್ಕೆ ಬಾರದ ಹಾಗೆ ನಮ್ಮನ್ನೆಲ್ಲ ಗಾಳಿಯ ಹೆಸರು ಹೇಳಿ ಹೆದರಿಸಿದವಳು ಅವಳೇ ಎಂದು ಆಗ ನನಗೆ ಹೊಳೆಯಿತು. ಅವಳು ಸುಣ್ಣದ ಗೆರೆಯ ಕಡೆ ನೋಡಿದಳು.

"ಇನ್ನೆಂಟು ಮರ ಉಳಿದವೆ. ಅದ್ರಾಗೆ ನಾಕು ನೀನು ಕೀಳುಸ್ತೀಯ. ನಾನೇನೂ ಅನ್ನಕಿಲ್ಲ ಕಣಪ್ಪ, ತೋಟ ನಿಂದು. ನಾನು ಅಲ್ಲೀಗಂಟ ಬರೋವರ್ಗೂ ತಡ್ಕಂತೀಯೇನೋ ಅಂತ ಕೇಳಣ ಅನ್ಕಂಡಿದ್ದೆ. ಬಾಯಿ ಬರಲಿಲ್ಲ."

ಅಲ್ಲಿಂದಲೇ ಜೆಸಿಬಿಯವನಿಗೆ ಫೋನ್ ಮಾಡಿ ಸೋಮವಾರ ಬರಬೇಡ ಎಂದೆ. ಆದರೆ ನನಗೆ ಅಷ್ಟು ಸಾಲದಾಯಿತು. ಕೆಟ್ಟದ್ದೇನಿದ್ದರೂ ಬಿಚ್ಚಿ ಸರಿ ಮಾಡಬೇಕು ಎನ್ನುವ ರಿಪೇರಿಯವನ ಬುದ್ಧಿ. ಆ ದಿನ ಮಣ್ಣು ಮಾಡಲು ಹೋದವರು ಮೂವರು: ತಾತ, ಅಪ್ಪ, ಚಿಕ್ಕಪ್ಪ. ಚಿಕ್ಕಪ್ಪ ಇನ್ನೂ ಇದ್ದಾರೆ, ಹೊನ್ನವಳ್ಳಿಯಲ್ಲಿ ಮಗಳ ಮನೆಯಲ್ಲಿ. ಮರ ಯಾವುದೆಂದು ಕೇಳಿಕೊಂಡು ಬಂದು ಅವ್ವನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಇಷ್ಟು ವರ್ಷದ ಅಲೆತ ಮುಗಿಯುತ್ತದೆ ಎಂದು ಮಾರನೆಯ ಬೆಳಿಗ್ಗೆ ಗಾಡಿ ಹತ್ತಿದೆ. ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಚಿಕ್ಕಪ್ಪ ಜಗುಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ನಾನು ಕೇಳಿದ್ದೇ ತಡ, ಕುಟ್ಟುವುದು ನಿಂತಿತು.

"ಯಾರ್ಲಾ ಕೇಳ್ಕಂಡ್ ಬಾ ಅಂದೋರು? ನಿಮ್ಮವ್ವನಾ?"

"ಇಲ್ಲ ಚಿಕ್ಕಪ್ಪ, ನಾನೇ. ಅವ್ವ ಒಂದೊಂದು ಮರದ ಬುಡದಲ್ಲೂ ಕೂತು ಹುಡುಕ್ತಾವ್ಳೆ. ಐವತ್ತಾರು ವರ್ಷದಿಂದ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ನಮ್ಮಪ್ಪ ಆವತ್ತೇ ಅಂದ ಕಣ್ಲಾ. ತೋಟದಾಗೆ ಮಡಗುದ್ರೆ ಈ ಸೊಸೆ ಸುಮ್ಕಿರಾಕಿಲ್ಲ, ಮರ ಮರ ಹುಡುಕ್ತಾಳೆ, ಬ್ಯಾಡ ಅಂದ. ತೋಟದಾಗೆ ಅಂತ ಹೇಳಿ, ನೀರಿಲ್ದ ಕೆರೆ ಅಂಗಳಕ್ಕೆ ತಕ್ಕಂಡ್ ಹೋದ್ವಿ. ಗುಂಡಿ ತೆಗ್ದೋನು ನಾನೇ."

"ತೋಟದಲ್ಲಿ ಇಲ್ವಾ?"

"ಇಲ್ಲ ಮಗ. ತೋಟದಾಗೆ ಇಲ್ವೇ ಇಲ್ಲ."

ವಾಪಸು ಬರುವಾಗ ನಮ್ಮೂರ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದೆ. ಆ ವರ್ಷ ಕೆರೆ ತುಂಬಿತ್ತು. ದಡದಿಂದ ದಡಕ್ಕೆ ನೀರು, ಒಂದು ಅಲೆಯೂ ಇಲ್ಲ. ಮಣ್ಣು ಮಾಡಿದ ಜಾಗವನ್ನು ಈಗ ಯಾವ ಚಿಪ್ಪಿನ ಕಣ್ಣೂ, ಯಾವ ಹಾರುವ ಯಂತ್ರವೂ ಹುಡುಕಿ ಕೊಡಲಾರದು. ಇದನ್ನು ಅವ್ವನಿಗೆ ಹೇಳಿದರೆ ಅವಳು ಕೂತ ನೂರ ಹನ್ನೆರಡು ಮರವೂ ಒಂದೇ ಏಟಿಗೆ ಬೀಳುತ್ತವೆ. ಹೇಳದಿದ್ದರೆ ನಾನೂ ತಾತನ ಹಾಗೆಯೇ. ಮಧ್ಯಾಹ್ನದ ತನಕ ಅಲ್ಲೇ ನಿಂತಿದ್ದೆ.

ತೋಟಕ್ಕೆ ಹೋದಾಗ ಅವ್ವ ಅದೇ ಮರದ ಬುಡದಲ್ಲಿ ಚಾಪೆಯ ಮೇಲೆ ಕೂತು ಕಡ್ಡಿ ಸೀಳುತ್ತಿದ್ದಳು. ನನ್ನ ಮುಖ ನೋಡದೆಯೇ ಕೇಳಿದಳು.

"ಹೊನ್ನವಳ್ಳಿಗೆ ಹೋಗಿದ್ದೆ ಅಲ್ವಾ?"

"ಹೂಂ."

"ಹೇಳಿದ್ನಾ?"

"ಹೇಳಿದ್ರು ಕಣವ್ವ."

ಕುಡುಗೋಲು ನಿಂತಿತು. ಗರಿಗಳೂ ಆಡುತ್ತಿರಲಿಲ್ಲ. ಅವಳ ಕೈ ತಾನಾಗಿ ನೆಲಕ್ಕೆ ಹೋಯಿತು.

"ಜಾಗ ಹೇಳ್ಬ್ಯಾಡ," ಎಂದಳು. "ಹೇಳ್ಬಾರ್ದು ಅಂದವ್ರೆ ಹಿರೀಕರು. ನಂಗೆ ಉಳ್ದಿರೋನು ನೀನೊಬ್ನೇ, ನಿನ್ ಬಾಯಿಂದ ಅದು ಬರೋದು ಬ್ಯಾಡ. ಒಂದ್ ಮಾತು ಹೇಳು ಸಾಕು. ನಾನು ಅಲ್ಲಿ ಕುಂತಿದ್ದಾಯ್ತಾ, ಇಲ್ಲಾ ಇನ್ನೂ ಕುಂತಿಲ್ವಾ?"

ಸುಳ್ಳು ಹೇಳಬೇಕಾಗಿ ಬರಲಿಲ್ಲ.

"ಇನ್ನೂ ಕೂತಿಲ್ಲ ಕಣವ್ವ."

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಅವಳ ಮುಖ ಅರಳಿದ ಪರಿಯನ್ನು ನಾನು ಸಾಯುವ ತನಕ ಮರೆಯಲಾರೆ. ನನ್ನ ಮದುವೆಯಲ್ಲೂ ಅವಳು ಹಾಗೆ ನಕ್ಕಿರಲಿಲ್ಲ. ಮಂಡಿ ಹಿಡಿದುಕೊಂಡು ಎದ್ದಳು. ಯುಗಾದಿಗೆ ಇನ್ನೂ ತಿಂಗಳುಗಳಿದ್ದವು. ಅವಳು ಕಾಯಲಿಲ್ಲ. ಕಟ್ಟಿ ಮುಗಿಸಿದ್ದ ಪೊರಕೆಯೊಂದನ್ನು ಹಿಡಿದು ಪಕ್ಕದ ಮರಕ್ಕೆ ಹೋಗಿ, ಸೋಗೆ ಎಳೆದು ಹಾಕಿ, ಅದರ ಬುಡ ಗುಡಿಸತೊಡಗಿದಳು. ನಾನು ಅಲ್ಲೇ ನಿಂತಿದ್ದೆ.

"ಗರ ಬಡ್ದೋನಂಗೆ ಏನ್ ನೋಡ್ತೀಯ? ಚಾಪೆ ತತ್ತಾ ಬ್ಯಾಗ," ಎಂದು ಕೂಗಿದಳು. "ಪಾಪ, ಎಷ್ಟು ವರ್ಷದಿಂದ ಕಾಯ್ತಾ ಐತೋ."